ಯಜಮಾನ್ರು ಆರ್ಮಿ ಆಫೀಸರ್ ಟ್ರೈನಿಂಗಿಗೆ ಹೊರಟ್ರು, ನಾವೂ ಗಂಟುಮೂಟೆ ಕಟ್ಬೇಕಾ?

ಕೊಡಗಲ್ಲಿ ಮನೆಗೊಬ್ರು ಫೌಜಲ್ಲಿ ಇರ್ತಾರೆ, ಆದ್ರೂ ಈ ಪ್ರಶ್ನೆ ಬಂದಾಗ ಎಲ್ರಿಗೂ ತಲೆನೋವೇ.

ಮೊದ್ಲು ಯಾವ ಎಂಟ್ರಿ, ಅಂದ್ರೆ ಯಾವ ದಾರೀಲಿ ಆಫೀಸರ್ ಆಗ್ತಿದ್ದಾರೆ ಅಂತ ನೋಡಿ. ಚೆನ್ನೈ ಒಟಿಎಲಿ (ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ) ಟ್ರೈನಿಂಗ್ 49 ವಾರ, ಆದ್ರೆ ಅಲ್ಲಿಗೆ ಹೋಗೋರು ಹೆಚ್ಚಾಗಿ ಮದ್ವೆ ಆಗದೋರೇ. ಸಂಸಾರದ ಪ್ರಶ್ನೆ ಬರೋದು ಜೆಸಿಒ (ಸುಬೇದಾರ್ ಥರದ ಹುದ್ದೆ), ಹವಾಲ್ದಾರ್ ಆಗಿದ್ದು ಕಮಿಷನ್, ಅಂದ್ರೆ ಆಫೀಸರ್ ಹುದ್ದೆ ಸಿಕ್ಕೋರಿಗೆ, ಇಲ್ಲಾ ಡಾಕ್ಟರ್ ಆಗಿ ಎಎಂಸಿ (ಆರ್ಮಿ ವೈದ್ಯಕೀಯ ದಳ) ಸೇರಿ ಲಕ್ನೋಗೆ ಬೇಸಿಕ್ ಕೋರ್ಸಿಗೆ ಹೋಗೋರಿಗೆ.

ಆಮೇಲೆ ಒಂದೇ ಮಾತು ಕೇಳಿ, ರಾತ್ರಿ ಮನೆಗೆ ಬರೋಕೆ ಬಿಡ್ತಾರಾ? ಇಲ್ಲ ಅಂದ್ರೆ ನೀವು ಗೇಟಿನ ಪಕ್ಕದಲ್ಲೇ ಬಾಡಿಗೆ ಮನೆ ಮಾಡಿದ್ರೂ ಸಿಗೋದು ರಜಾ ಕೊಟ್ಟ ದಿನ ಮಾತ್ರ, ಭಾಷೆ ಬರಲ್ಲ, ಗುರುತಿನೋರಿಲ್ಲ, ಮಗೂಗೆ ಜ್ವರ ಬಂದ್ರೆ ಆಟೋ ಹುಡ್ಕೋದೂ ನೀವೇ. ಅದಕ್ಕಿಂತ ಅತ್ತೆ ಮನೆ ವಾಸಿ (ಎಲ್ರ ಅತ್ತೇನೂ ಅಲ್ಲ ಬಿಡಿ).

ಟ್ರೈನಿಂಗ್ ಮುಗಿದ ಮೇಲೆ ಪೋಸ್ಟಿಂಗ್ ಬೇರೆ ಕಡೆ, ಅಂದ್ರೆ ವರ್ಷದೊಳಗೆ ಎರಡು ಸಲ ಸಾಮಾನು ಸಾಗ್ಸಬೇಕು, ಮಕ್ಕಳಿಗೆ ಎರಡು ಸ್ಕೂಲು. ಕೇಂದ್ರೀಯ ವಿದ್ಯಾಲಯದಲ್ಲಿ ವರ್ಗಾವಣೆ ಆಗೋ ನೌಕರರ ಮಕ್ಕಳಿಗೆ ಆದ್ಯತೆ ಇದೆ, ಅದನ್ನ ಪೋಸ್ಟಿಂಗ್ ಆದ್ಮೇಲೆ ಉಪಯೋಗಿಸ್ಕೊಳ್ಳಿ.

ಕಾಫಿ ತೋಟ ಇದ್ರಂತೂ ನವೆಂಬರಿಂದ ಮಾರ್ಚ್ ತನಕ ಅರೇಬಿಕಾ, ರೋಬಸ್ಟಾ ಕೊಯ್ಲು, ಆಳುಗಳನ್ನ ಯಾರು ನೋಡ್ತಾರೆ? ನನ್ನ ಕೇಳಿದ್ರೆ ಊರಲ್ಲೇ ಇರಿ, ಟ್ರೈನಿಂಗ್ ಮುಗಿದಾಗ ನಡೆಯೋ ಪಾಸಿಂಗ್ ಔಟ್ ಪರೇಡಿಗೆ ಎಲ್ರೂ ಹೋಗಿ. ಮಡಿಕೇರಿಗೆ ರೈಲಿಲ್ಲ, ಮೈಸೂರಿಂದ ಟಿಕೆಟ್ ಬೇಗ ಬುಕ್ ಮಾಡಿ.