ಹಳೇ ಮನೆ ನೆಲ ಗೋಡೆ ಬಾಗಿಲು ಒಡೆದು ಹಾಕೋಕ್ ಮುಂಚೆ ಇಷ್ಟು ಮಾಡಿ ನೋಡಿ

ಹಾಸನದಲ್ಲಿರೋ ನಮ್ಮ ಮನೆ 1978ರಲ್ಲಿ ಅಪ್ಪ ಕಟ್ಟಿಸಿದ್ದು. ರೆಡ್ ಆಕ್ಸೈಡ್ ನೆಲ, ಸುತ್ತ ಕಪ್ಪು ಬಾರ್ಡರ್, ದೇವರಮನೇಲಿ ಮಾತ್ರ ಹಸಿರು. ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ, ನೆಲ ಕಿತ್ತು ಟೈಲ್ಸ್ ಹಾಕ್ಸಿ, ಗೋಡೆಗೆ ಪುಟ್ಟಿ ಹೊಡ್ಸಿ, ಬಾಗಿಲಿಗೆ ಲ್ಯಾಮಿನೇಟ್ ಅಂಟಿಸ್ಬಿಡಿ ಅಂತ. ನಾವು ಏನೂ ಕೀಳಲಿಲ್ಲ, ಸವೆದಿದ್ದನ್ನ ಅಷ್ಟೇ ಸರಿ ಮಾಡಿಸಿದ್ವಿ. ನಾಲ್ಕು ತಿಂಗಳು ಹಿಡೀತು, ಅದರಲ್ಲಿ ಎರಡು ತಿಂಗಳಿಗಿಂತ ಜಾಸ್ತಿ ಬರೀ ಗೋಡೆ ಒಣಗಲಿ ಅಂತ ಕಾದಿದ್ದು. ಇಂಥ ಮನೆ ಇರೋರು ಸುಮಾರು ಜನ ಇದ್ದೀರ, ಅದಕ್ಕೆ ಬರೀತಿದೀನಿ.

ಮೊದಲು ಗೋಡೆ. ನಮ್ಮ ಹಜಾರದ ಒಂದು ಗೋಡೆ ಕೆಳಗಿಂದ ಮೂರಡಿವರೆಗೂ ಹಪ್ಪಳ ಎದ್ದಂಗೆ ಎದ್ದು ಉದುರ್ತಿತ್ತು. ಹಿಂದೆ ಒಬ್ಬ ಪೇಂಟರ್ ಅದರ ಮೇಲೇ ಪುಟ್ಟಿ ಬಳಿದು ಬಣ್ಣ ಹೊಡೆದು ಹೋಗಿದ್ರು, ಒಂದೇ ಮಳೆಗಾಲಕ್ಕೆ ಎಲ್ಲಾ ಕಿತ್ಕೊಂಡು ಬಂತು. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ತೇವ ಇರೋ ಗೋಡೆ ಮೇಲೆ ಎಷ್ಟೇ ದುಬಾರಿ ಪೇಂಟ್ ಹೊಡೆದ್ರೂ ನಿಲ್ಲಲ್ಲ. ತೇವ ಎಲ್ಲಿಂದ ಅಂತ ಗೊತ್ತಾಗಬೇಕಂದ್ರೆ ಒಂದೆರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೇನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆ ಒಳಮೈ, ಅಂದ್ರೆ ಗೋಡೆ ಕಡೆ ನೀರು ಹನಿಗಟ್ಟಿದ್ರೆ ತೇವ ಗೋಡೆಯಿಂದಾನೇ ಬರ್ತಿದೆ, ಹೊರಮೈಯಲ್ಲಿ ಕಟ್ಟಿದ್ರೆ ರೂಮಿನ ಗಾಳೀದು, ಅದಕ್ಕೆ ಕಿಟಕಿ ತೆಗೆದಿಟ್ರೆ ಬಹುಪಾಲು ಸರಿಹೋಗತ್ತೆ.

ನಮ್ಮಲ್ಲಿ ಒಳಮೈಗೇ ಕಟ್ಟಿತ್ತು. ಪೈಪ್ ಏನಾದ್ರೂ ಸೋರ್ತಿದ್ಯಾ ಅಂತ ಹುಡುಕಿದ್ವಿ, ಇಲ್ಲ. ಆಮೇಲೆ ಹೊರಗೆ ಹೋಗಿ ನೋಡಿದ್ರೆ ಆ ಗೋಡೆಗೆ ಒತ್ತಿಕೊಂಡೇ ಅಮ್ಮನ ಹೂವಿನ ಪಾತಿ, ವರ್ಷಾನುಗಟ್ಟಲೆ ಮಣ್ಣು ಗೊಬ್ಬರ ಹಾಕಿ ಹಾಕಿ ಪಾತಿ ಒಳಗಿನ ನೆಲಕ್ಕಿಂತ ಎತ್ತರ ಬಂದುಬಿಟ್ಟಿದೆ, ದಿನಾ ನೀರು ಬೇರೆ. ಗಿಡ ಎಲ್ಲಾ ಆಚೆ ಬದಿಗೆ ಸಾಗಿಸಿ, ಮಣ್ಣು ತೆಗೆದು, ನೀರು ಹೊರಗಡೆಗೆ ಹರಿಯೋ ಹಾಗೆ ಇಳಿಜಾರು ಮಾಡಿಸಿ, ಒಳಗಡೆ ಹಾಳಾದ ಗಾರೆ ಕೆತ್ತಿಸಿ ಬಿಟ್ವಿ. ಒಣಗ್ತಾ ಒಣಗ್ತಾ ಬಿಳೀ ಉಪ್ಪು ಹೊರಗೆ ಬರತ್ತೆ, ಅದನ್ನ ನೀರು ಹಾಕಿ ತೊಳೀಬೇಡಿ, ನೀರಿನ ಜೊತೆ ಕರಗಿ ಮತ್ತೆ ಗೋಡೆ ಒಳಗೇ ಹೋಗತ್ತೆ, ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ತೆಗೀರಿ. ಈ ಕೆಲಸ ಮಳೆಗಾಲದಲ್ಲಂತೂ ಬೇಡ, ನವೆಂಬರ್ ಮೇಲೆ ಶುರು ಮಾಡಿ.

ಗೋಡೆ ಒಣಗಿದ ಮೇಲೆ ಅಂಗೈ ಇಟ್ಟು ಉಜ್ಜಿ ನೋಡಿ, ಬಿಳೀ ಪುಡಿ ಕೈಗೆ ಬಂದ್ರೆ ಕೆಳಗೆ ಸುಣ್ಣ ಇಲ್ಲಾ ಹಳೇ ಡಿಸ್ಟೆಂಪರ್ ಇದೆ, ಅದನ್ನ ಪೂರ್ತಿ ಕೆರೆದು ತೆಗೀದೆ ಪುಟ್ಟಿ ಹಿಡಿಯಲ್ಲ. ವೈರಿಂಗ್ ಬದಲಾಯಿಸೋದಿದ್ರೆ ಇದೇ ಟೈಮಲ್ಲಿ ಮುಗಿಸ್ಕೊಳ್ಳಿ. ಆಮೇಲೆ ಗಾರೆಗೆ ಸ್ವಲ್ಪ ನೀರು ಚಿಮುಕಿಸಿ ವೈಟ್ ಸಿಮೆಂಟ್ ಪುಟ್ಟಿ ತೆಳ್ಳಗೆ ಎರಡು ಕೋಟ್, ಒಣಗಿದ ಮೇಲೆ ನಯವಾದ ಎಮರಿ ಪೇಪರ್, ಆಮೇಲೆ ಪ್ರೈಮರ್, ಆಮೇಲೆ ಎಮಲ್ಷನ್ ಎರಡು ಕೋಟ್. ಕೋಟ್‌ಗೂ ಕೋಟ್‌ಗೂ ಮಧ್ಯೆ ಒಣಗೋಕೆ ಬಿಡಲೇಬೇಕು, ಪೇಂಟರ್ ಅವಸರ ಮಾಡಿದ್ರೂ ನೀವು ಒಪ್ಕೋಬೇಡಿ.

ಬಾಗಿಲು ನನಗೆ ತುಂಬಾ ಇಷ್ಟವಾದ ಕೆಲಸ. ಮೇಲೆ ಚಾಕಲೇಟ್ ಬಣ್ಣ, ಕೆರೆದ್ರೆ ಅದರಡಿ ಹಸಿರು, ಅದರಡಿ ತಿಳಿ ನೀಲಿ, ಅದೂ ಹೋದ ಮೇಲೆ ಸಾಗುವಾನಿ, ಆ ಎಣ್ಣೆ ವಾಸನೆ ಇಷ್ಟು ವರ್ಷ ಆದ್ಮೇಲೂ ಹಾಗೇ ಇತ್ತು. ಆದ್ರೆ ಇಲ್ಲಿ ಒಂದು ಅಪಾಯ ಇದೆ. ಹಳೇ ಎನಾಮಲ್ ಪೇಂಟ್‌ಗಳಲ್ಲಿ ಸೀಸ, ಅಂದ್ರೆ ಲೆಡ್ ಅನ್ನೋ ವಿಷದ ಲೋಹ, ಇರೋ ಸಾಧ್ಯತೆ ಜಾಸ್ತಿ, ನಮ್ಮ ದೇಶದಲ್ಲಿ ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಹಳೇ ಬಣ್ಣಾನ ಒಣದಾಗಿ ಉಜ್ಜಿ ಧೂಳು ಎಬ್ಬಿಸ್ಬೇಡಿ, ಬೆಂಕಿ ಹಿಡಿದು ಸುಡಲೂಬೇಡಿ. ಬಾಗಿಲು ಬಿಚ್ಚಿ ಹಿತ್ತಲಿಗೆ ತಗೊಂಡೋಗಿ, ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಉಬ್ಬಿ ಬಂದ ಮೇಲೆ ಸ್ಕ್ರೇಪರ್‌ನಲ್ಲಿ ಎತ್ತಿ. ಗ್ಲೌಸ್, ಮಾಸ್ಕ್ ಬೇಕೇ ಬೇಕು, ಮಕ್ಕಳು ಬಸುರಿಯರು ಹತ್ರ ಸುಳೀಬಾರದು, ಕೆರೆದಿದ್ದನ್ನ ಹಾಳೆ ಮೇಲೆ ಹಿಡಿದು ಕಟ್ಟಿಡಿ, ಗಿಡದ ಬುಡಕ್ಕೆ ಹಾಕ್ಬೇಡಿ.

ಬಣ್ಣ ಪೂರ್ತಿ ಹೋದ ಮೇಲೆ 80, 120, 220 ನಂಬರ್ ಎಮರಿ ಪೇಪರ್ ಇದೇ ಕ್ರಮದಲ್ಲಿ, ಮರದ ಗೆರೆ ಹೋದ ದಿಕ್ಕಲ್ಲೇ ಉಜ್ಜಿ, ಅಡ್ಡ ಉಜ್ಜಿದ್ರೆ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣತ್ತೆ. ನಾವು ಬೇಯಿಸಿದ ಅಗಸೆ ಎಣ್ಣೆ ಹಚ್ಚಿದ್ವಿ. ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ತಾನಾಗೇ ಕಾದು ಬೆಂಕಿ ಹತ್ಕೊಳತ್ತೆ, ಬಿಡಿಸಿ ಹೊರಗೆ ಒಣಹಾಕಿ, ಇಲ್ಲಾಂದ್ರೆ ನೀರಲ್ಲಿ ನೆನೆಸಿಡಿ.

ಅಡುಗೆಮನೇಲಿ ಹೆಚ್ಚೇನೂ ಇಲ್ಲ. ಟೈಲ್ಸ್ ಗಟ್ಟಿ ಇದ್ದು ಸಂದು ಮಾತ್ರ ಕಪ್ಪಾಗಿದ್ರೆ ಹಳೇ ಗ್ರೌಟ್ (ಸಂದಿಗೆ ತುಂಬಿರೋ ಗಾರೆ) ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ, ಅಷ್ಟೇ ಸಾಕು. ಟೈಲ್ ಮೇಲೆ ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದ್ರೆ ಮಾತ್ರ ಕೀಳಿಸಿ.

ನೆಲ ಯಾವಾಗ್ಲೂ ಕೊನೇಗೆ, ಪೇಂಟ್ ಎಲ್ಲಾ ಮುಗಿದ ಮೇಲೆ. ರೆಡ್ ಆಕ್ಸೈಡ್ ನೆಲಕ್ಕೆ ಆಸಿಡ್ ಮಾತ್ರ ಮುಟ್ಟಿಸ್ಬೇಡಿ, ಕೆಳಗಿರೋದು ಸಿಮೆಂಟ್, ಆಸಿಡ್ ಅದನ್ನ ತಿನ್ನತ್ತೆ, ಹೊಳಪು ಪೂರ್ತಿ ಹೋಗತ್ತೆ. ಬಿಸಿನೀರು, ಸೋಪು, ಮೆತ್ತನೆ ಬ್ರಷ್, ಹಳೇ ಮೇಣ ಕೂತಿದ್ರೆ ಬಟ್ಟೇಲಿ ಟರ್ಪೆಂಟೈನ್. ಕೂದಲೆಳೆ ಬಿರುಕನ್ನ ಹಾಗೇ ಬಿಡಿ. ದೊಡ್ಡ ಬಿರುಕಿದ್ರೆ ಉಳಿಯಲ್ಲಿ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಒದ್ದೆ ಮಾಡಿ, ಸಿಮೆಂಟಿಗೆ ಕೆಂಪು ಪುಡಿ ಕಲಸಿ ತುಂಬಿ ಕರಣೇಲಿ ತಿಕ್ಕಬೇಕು. ಬಣ್ಣ ಹೊಂದಿಸೋದೇ ಕಷ್ಟ, ಹಸಿ ಇದ್ದಾಗ ಗಾಢ ಕಾಣೋದು ಒಣಗಿದ ಮೇಲೆ ತಿಳಿ ಆಗತ್ತೆ. ನಮ್ಮ ಮೇಸ್ತ್ರಿ ಹಂಚಿನ ಚೂರಿನ ಮೇಲೆ ಬೇರೆ ಬೇರೆ ಹದದಲ್ಲಿ ಆರು ಸ್ಯಾಂಪಲ್ ಬಳಿದು, ಒಂದು ವಾರ ಒಣಗಿಸಿ, ನೆಲದ ಮೇಲಿಟ್ಟು ಬೆಳಗಿನ ಬಿಸಿಲಲ್ಲಿ ನೋಡಿ ನಾಲ್ಕನೇದನ್ನ ಆರಿಸಿದ್ರು. ತೇಪೆ ಹಾಕಿದ ಮೇಲೆ ಒಂದು ವಾರ ಒದ್ದೆ ಗೋಣಿಚೀಲ ಮುಚ್ಚಿಡಿ. ಒರಳುಕಲ್ಲು ಇದ್ದ ಜಾಗದ ತಗ್ಗನ್ನ ಅಮ್ಮ ಮುಚ್ಚೋಕೆ ಬಿಡಲಿಲ್ಲ, ಅದು ಹಾಗೇ ಇದೆ.

ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೇನ ಬಟ್ಟೇಲಿ ತೆಳ್ಳಗೆ ಒರೆಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒಣಬಟ್ಟೇಲಿ ಚೆನ್ನಾಗಿ ತಿಕ್ಕಿ. ಮನೇಲಿ ವಯಸ್ಸಾದವರಿದ್ರೆ ಒಂದೊಂದೇ ರೂಮು ಮಾಡಿ, ಎಣ್ಣೆ ಇಂಗೋವರೆಗೂ ಆ ರೂಮಿಗೆ ಅವರನ್ನ ಬಿಡಬೇಡಿ, ತುಂಬಾ ಜಾರತ್ತೆ.