ಎಎಂಎಚ್ ರಿಪೋರ್ಟ್ ಕೈಗೆ ಬಂತಂದ್ರ ಏನೇನ್ ನೋಡ್ಬೇಕ್ರಿ

ಎಎಂಎಚ್ (ಅಂಡಾಶಯದಾಗಿನ ತತ್ತಿ ಲೆಕ್ಕದ ಅಂದಾಜು ಕೊಡೂ ಹಾರ್ಮೋನಿನ ರಕ್ತದ ಟೆಸ್ಟ್) 0.9 ಅಂತ ಮೊಬೈಲಿಗೆ ಪಿಡಿಎಫ್ ಬಂದಾಗ ನಾನು ಬೆಳಗಾವಿಯಿಂದ ಬಾಗಲಕೋಟಿಗೆ ಬರೂ ಬಸ್ಸಿನ್ಯಾಗ ಇದ್ದೆ, ನಂಬರ್ ದಪ್ಪ ಅಕ್ಷರದಾಗ, ಬಾಜೂಕ ಕೆಳಗ ತೋರ್ಸೂ ಒಂದ್ ಬಾಣ, ಲೋಕಾಪುರ ಬರೂತನಕ ಸೆರಗಿನ್ಯಾಗ ಮಾರಿ ಮುಚ್ಕೊಂಡು ಅತ್ತೀನ್ರಿ. ಅದರ ಅರ್ಥ ಏನಂತ ಯಾರೂ ಮೊದಲ ಹೇಳಿರ್ಲಿಲ್ಲ, ಅದಕ್ಕ ಬರೀಲಿಕತ್ತೀನಿ.

ಮೊದಲ ಯೂನಿಟ್ ನೋಡ್ರಿ. ಕೆಲವು ಲ್ಯಾಬ್‌ನ್ಯಾರು ನ್ಯಾನೋಗ್ರಾಂ ಲೆಕ್ಕಕ್ಕ ಕೊಡ್ತಾರ, ಕೆಲವರು ಪಿಕೋಮೋಲ್. ನ್ಯಾನೋಗ್ರಾಂನಾಗ 1 ಇದ್ದದ್ದು ಪಿಕೋಮೋಲ್‌ನಾಗ ಸುಮಾರು 7.14 ಆಗ್ತೈತಿ, ಹಿಂಗಾಗಿ ಅಕ್ಕಂದು 7 ಐತಿ ನಂದು ಒಂದ ಅಂತ ಎದಿ ಒಡ್ಕೋಬ್ಯಾಡ್ರಿ.

ಮಕ್ಕಳಾಗೂ ಚಿಕಿತ್ಸಾದಾಗ ತತ್ತಿ ಬೆಳಸೂ ಇಂಜೆಕ್ಷನ್ ಕೊಟ್ರ ಎಷ್ಟು ತತ್ತಿ ಸಿಗಬಹುದು ಅನ್ನೂ ಅಂದಾಜಷ್ಟ ಎಎಂಎಚ್ ಕೊಡ್ತೈತ್ರಿ. 1.2 ನ್ಯಾನೋಗ್ರಾಂಗಿಂತ ಕಡಿಮಿ ಇದ್ರ ತತ್ತಿ ಕಡಿಮಿ ಸಿಗಬಹುದು ಅಂತ ಡಾಕ್ಟರು ಡೋಸ್ ವಿಚಾರ ಮಾಡ್ತಾರ, ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಪಿರಿಯಡ್ಸ್ ತಪ್ಪೂ ತೊಂದ್ರಿ) ಇದ್ದವರಿಗೆ ಭಾಳ ಹೆಚ್ಚಿದ್ರೂ ಹೊಟ್ಟಿ ಉಬ್ಬಿ ನೀರು ತುಂಬೂ ಭಯ ಇರ್ತೈತಿ, ಅದಕ್ಕ ಡೋಸ್ ಇಳಸ್ತಾರ. ತತ್ತಿ ಹೆಂಗೈತಿ ಅನ್ನೂದು ವಯಸ್ಸಿನ ಮ್ಯಾಲ ಹೆಚ್ಚು ಐತ್ರಿ, 30ರ ಹುಡುಗಿಯ 0.9ಕ್ಕೂ 41ರ ಅಕ್ಕನ 0.9ಕ್ಕೂ ಭಾಳ ಫರಕ್.

ಎಎಂಎಚ್ ಯಾವ ದಿನಾ ಆದ್ರೂ ಕೊಡಬಹುದು, ಎಫ್‌ಎಸ್‌ಎಚ್ (ತತ್ತಿ ಬೆಳಸೂ ಹಾರ್ಮೋನ್) ಟೆಸ್ಟಿಗೆ ರಕ್ತ ಮಾತ್ರ ಪಿರಿಯಡ್ಸಿನ 2 ಇಲ್ಲಾ 3ನೇ ದಿನಾನ ಕೊಡ್ರಿ, ಜೋಡಿಗೆ ಎಸ್ಟ್ರಾಡಿಯೋಲ್ (ಅಂಡಾಶಯದಿಂದ ಬರೂ ಹಾರ್ಮೋನ್) ಟೆಸ್ಟ್‌ನೂ ಮಾಡಸ್ರಿ, ಯಾಕಂದ್ರ ಎಸ್ಟ್ರಾಡಿಯೋಲ್ ಏರಿದ್ರ ಎಫ್‌ಎಸ್‌ಎಚ್ ಕೆಳಗ ಇಳದು ಎಲ್ಲಾ ಚಲೋ ಐತಿ ಅನ್ನೂ ಹಂಗ ಕಾಣ್ತೈತಿ. ಕೂದಲಕ್ಕ ಬಯೋಟಿನ್ ಗುಳಿಗಿ ನುಂಗ್ತಿದ್ರ ಲ್ಯಾಬಿನ್ಯಾಗ ಹೇಳ್ರಿ, ಹಾರ್ಮೋನ್ ರಿಪೋರ್ಟ್ ತಪ್ಪು ಬರಬಹುದು. ಸ್ಕ್ಯಾನಿನ್ಯಾಗ ಅಂಡಾಶಯದಾಗ ತತ್ತಿ ಬೆಳಿಯೂ ಸಣ್ಣ ಕೋಶ ಎಣಿಸ್ತಾರಲ್ರಿ, ನಂದು ಬಲಕ್ಕ 3 ಎಡಕ್ಕ 4 ಇತ್ತು, ಫೈಲಿನ ಹಿಂದ ಪೆನ್ನಿಲೆ ಬರದಿಟ್ಟೀನಿ, ಎಎಂಎಚ್ ಜೋಡಿ ಅದನ್ನೂ ಇಟ್ಟು ನೋಡ್ಬೇಕು.

ಇನ್ನ ಯಜಮಾನ್ರ ವೀರ್ಯದ ಟೆಸ್ಟ್. ನಮ್ಮ ಕಡೆ ಸೊಸಿಗೆ ಹತ್ತು ಸಲ ಸೂಜಿ ಚುಚ್ಚಿದ ಮ್ಯಾಲ ಮಗನ ಮಾತು ತಗೀತಾರ, ಇದು ಭಾಳ ಅನ್ಯಾಯ ನೋಡ್ರಿ, ಅವರ ಟೆಸ್ಟ್ ಮೊದಲ ದಿನಾನ ಆಗ್ಬೇಕು. 2ರಿಂದ 7 ದಿನ ವೀರ್ಯ ಹೋಗದಂಗ ಇದ್ದು ಸ್ಯಾಂಪಲ್ ಕೊಡ್ಬೇಕು, ಮನ್ಯಾಗ ತಗದ್ರ ಒಂದ್ ತಾಸಿನೊಳಗ ಲ್ಯಾಬ್ ಮುಟ್ಟಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಾಗ ಒಂದ್ ಎಂಎಲ್‌ಗೆ 1 ಕೋಟಿ 60 ಲಕ್ಷ ವೀರ್ಯಾಣು ಅನ್ನೂದು ಕೆಳಗಿನ ಗೆರಿ. ಹಿಂದಿನ ಎರಡು ಮೂರು ತಿಂಗಳಾಗ ಜೋರು ಜ್ವರ ಬಂದಿದ್ರೂ ನಂಬರ್ ಇಳದಿರಬಹುದು, ಡಾಕ್ಟರಿಗೆ ಹೇಳಿ ಇನ್ನೊಮ್ಮೆ ಮಾಡಸ್ರಿ.

ಡಾಕ್ಟರ್ ಹತ್ರ ಹೋಗೂ ಮುಂದ ಚೀಟಿ ಮ್ಯಾಲ ಬರ್ಕೊಂಡ್ ಹೋಗ್ರಿ, ನನ್ನ ವಯಸ್ಸಿಗೆ ಈ ನಂಬರ್ ಹೆಂಗ, ಎಷ್ಟು ತತ್ತಿ ಸಿಗಬಹುದು, ಎಷ್ಟು ಸಲ ಚಿಕಿತ್ಸಾ ಮಾಡಬೇಕಾಗ್ತೈತಿ, ಖರ್ಚೆಷ್ಟು. ಖುರ್ಚಿ ಮ್ಯಾಲ ಕುಂತ ಕೂಡ್ಲೆ ಎಲ್ಲಾ ಮರತು ಹೋಗ್ತೈತ್ರಿ.