ಕಲ್ಪನೆಯ ಭೂದೃಶ್ಯಕ್ಕೂ ಒಂದೇ ಸೂರ್ಯನಿರಲಿ

ಲಾಲ್‌ಬಾಗ್‌ನ ಬಂಡೆಯ ಮೇಲೆ ಕುಳಿತು ಜಲವರ್ಣದಲ್ಲಿ ಚಿತ್ರಿಸುವವರು ಮೊದಲು ನೆರಳುಗಳ ಅಂಚನ್ನು ಪೆನ್ಸಿಲ್‌ನಿಂದ ಗುರುತಿಸಿ, ಹಾಳೆಯ ಮೂಲೆಯಲ್ಲಿ ಸಮಯವನ್ನೂ ಬೆಳಕಿನ ದಿಕ್ಕು ತೋರಿಸುವ ಬಾಣವನ್ನೂ ಹಾಕಿಕೊಳ್ಳುವುದು ಒಳ್ಳೆಯದು. ಬಣ್ಣ ಕಲಸುವಷ್ಟರಲ್ಲಿ ಬಿಸಿಲು ಸರಿದಿರುತ್ತದೆ. ಮನೆಯಲ್ಲಿ ಕಲ್ಪಿತ ಭೂದೃಶ್ಯ ರಚಿಸುವಾಗಲೂ ಇದೇ ಬಾಣವನ್ನು ಬಳಸಿ: ಬೆಟ್ಟ, ಕೆರೆ, ಮರಗಳೆಲ್ಲ ನಿಮ್ಮ ಊಹೆಯವೇ ಆಗಿದ್ದರೂ ನೆರಳುಗಳು ಒಂದೇ ದಿಕ್ಕಿಗೆ ಬೀಳಬೇಕು. ದೂರದ ಬೆಟ್ಟಗಳಿಗೆ ನೀಲಿಯನ್ನು ತೆಳುವಾಗಿ ಹಚ್ಚಿ, ಅಂಚುಗಳನ್ನು ಮಸುಕಾಗಿಸಿ (ಊಟಿಯ ಪರಿಸರವನ್ನು ಕೆ. ವೆಂಕಟಪ್ಪನವರು ಜಲವರ್ಣದಲ್ಲಿ ಹೇಗೆ ಹಿಡಿದಿದ್ದಾರೆಂದು ನೋಡುವುದು ಯಾವ ವಿಡಿಯೋಗಿಂತಲೂ ಉತ್ತಮ ಪಾಠ). ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಮುನ್ನೆಲೆಯ ಬಣ್ಣವನ್ನು ತುಸು ಗಾಢವಾಗಿಯೇ ಕಲಸಬೇಕು. ಚಿತ್ರಸಂತೆಗೆ ಒಯ್ಯುವ ಕೃತಿಯ ಹಿಂಬದಿಯಲ್ಲಿ ಸ್ಥಳದ ಹೆಸರನ್ನೋ ‘ಕಲ್ಪಿತ’ ಎಂದೋ ಬರೆದಿಡಿ. ‘ಇದು ಯಾವ ಊರು?’ ಎಂದು ಕೊಳ್ಳುವವರು ಕೇಳಿಯೇ ಕೇಳುತ್ತಾರೆ.